ಓದುಗರ ಪ್ರಶ್ನೆ: ಸಾಹೇಬರ ಮನೆಯ ಹೊಸ್ತಿಲು, ಸಿಪಾಯಿಯ ಮರ್ಯಾದೆ

ಈ ಸಂಚಿಕೆಗೆ ಆರಿಸಿಕೊಂಡಿರುವ ಮೂರೂ ಪತ್ರಗಳು ಸೇನೆಯಲ್ಲಿ ಅಧಿಕಾರಿಗಳಿಗೂ ಸಿಪಾಯಿಗಳಿಗೂ ನಡುವೆ ಇರುವ ಅಂತರವನ್ನು ಕುರಿತವು. ಉತ್ತರಿಸುತ್ತಿರುವ ನಾನು ಭೂಸೇನೆಯಲ್ಲಿ ಅಧಿಕಾರಿಯಾಗಿದ್ದು, ನಿವೃತ್ತಿಯ ನಂತರ ಪುಣೆಯಲ್ಲಿ ನೆಲೆಸಿದವನು.

ಪ್ರಶ್ನೆ: ನಾವು ಗೋಕಾಕದ ಕಡೆಯವರು, ಮೂವತ್ತು ವರ್ಷಗಳಿಂದ ವಿಶ್ರಾಂತವಾಡಿಯಲ್ಲಿದ್ದೇವೆ. ನನ್ನ ಮಗ ಭೂಸೇನೆಯಲ್ಲಿ ಸಿಪಾಯಿ. ಈ ಸಲ ರಜೆಗೆ ಬಂದಾಗ, ತಾನು ಆರು ತಿಂಗಳಿಂದ ಒಬ್ಬ ಅಧಿಕಾರಿಗೆ ‘ಸಹಾಯಕ್’ ಆಗಿದ್ದೇನೆಂದೂ, ಅವರ ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುವುದು, ನಾಯಿಯನ್ನು ತಿರುಗಾಡಿಸುವುದು, ತರಕಾರಿ ತರುವುದು ತನ್ನ ದಿನದ ಕೆಲಸವೆಂದೂ ಹೇಳಿದ. ತಂದೆಯ ಮುಂದೆ ಹೇಳಲಿಲ್ಲ, ನನ್ನೊಬ್ಬಳ ಮುಂದೆ ಹೇಳಿದ. ಆ ಸಾಹೇಬರು ಕೆಟ್ಟವರಲ್ಲವಂತೆ, ಬೈಯುವುದೂ ಇಲ್ಲವಂತೆ. ಸೇನೆಗೆ ಶಿಸ್ತು ಬೇಕೆಂಬುದನ್ನು ಬಲ್ಲೆ. ಆದರೆ ಇದು ನ್ಯಾಯವೇ? — ಹೆಸರು ಬೇಡ, ಪುಣೆ

ಉತ್ತರ: ಇದು ನ್ಯಾಯವಲ್ಲ, ತಾಯಿ. ಮೊದಲು ಇಷ್ಟನ್ನು ಹೇಳಿದ ಮೇಲೆಯೇ ಉಳಿದದ್ದನ್ನು ವಿವರಿಸುತ್ತೇನೆ.

ಸಹಾಯಕ್ ಎಂಬ ಕೆಲಸ ಹುಟ್ಟಿದ್ದು ಯುದ್ಧಭೂಮಿಗಾಗಿ. ಅಧಿಕಾರಿಯೊಬ್ಬ ನಕ್ಷೆ ನೋಡುತ್ತ, ವೈರ್‌ಲೆಸ್ಸಿನಲ್ಲಿ ಮಾತನಾಡುತ್ತ ನೂರು ಜನರನ್ನು ಮುನ್ನಡೆಸುವಾಗ ಅವನ ಬೆನ್ನು ಕಾಯುವುದಕ್ಕೆ, ಆಯುಧ ಮತ್ತು ಸಾಮಾನು ಸಿದ್ಧವಿಡುವುದಕ್ಕೆ, ಸಂದೇಶ ಮುಟ್ಟಿಸುವುದಕ್ಕೆ ಒಬ್ಬ ನಂಬಿಕೆಯ ಜೊತೆಗಾರ ಬೇಕು. ಆ ಕೆಲಸದಲ್ಲಿ ಅವಮಾನದ ಲವಲೇಶವೂ ಇಲ್ಲ. ನನ್ನ ಜೊತೆ ಹಾಗೆ ನಿಂತ ಹುಡುಗರನ್ನು ನಾನು ಇಂದಿಗೂ ಮನೆಯವರಂತೆ ನೆನೆಯುತ್ತೇನೆ. ಪಲ್ಟನ್ನು ಗಡಿಯಿಂದ ಇಳಿದು ಶಾಂತಿಕಾಲದ ಠಾಣೆಗೆ ಬಂದಾಗ ಈ ಜೊತೆಗಾರ ಸಾಹೇಬರ ಬಂಗಲೆಯ ಹೊಸ್ತಿಲು ದಾಟಿ ಒಳಗೆ ಹೋಗುತ್ತಾನೆ. ತಪ್ಪು ನಡೆಯುವುದು ಅಲ್ಲಿ. ಯುದ್ಧಕ್ಕಾಗಿ ಕೊಟ್ಟ ಸಹಾಯ ಮನೆಯ ಚಾಕರಿಯಾಗಿ ಬದಲಾಗುತ್ತದೆ, ಮತ್ತು ಬದಲಾದ ಗಳಿಗೆ ಯಾವುದೆಂದು ಇಬ್ಬರಿಗೂ ತಿಳಿದಿರುವುದಿಲ್ಲ. ನನ್ನ ಮನೆಯಲ್ಲಿಯೂ ಹಾಗಾಗಿತ್ತು. ಒಂದು ದಿನ ನನ್ನ ಮಗಳು ತನಗಿಂತ ಹದಿನೈದು ವರ್ಷ ದೊಡ್ಡವನಾದ ಸಿಪಾಯಿಯನ್ನು ಏಕವಚನದಲ್ಲಿ ಕರೆದು ನೀರು ತರಹೇಳಿದ್ದನ್ನು ಕೇಳಿದ ಮೇಲೆಯೇ ನನ್ನ ಕಣ್ಣು ತೆರೆಯಿತು. ಅವಳ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಕಲಿಸಿದವನು ನಾನೇ.

ಇದು ನನ್ನೊಬ್ಬನ ಅಭಿಪ್ರಾಯವೂ ಅಲ್ಲ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯು 2008ರಲ್ಲಿಯೇ ಈ ಪದ್ಧತಿಯನ್ನು ಬ್ರಿಟಿಷರ ಕಾಲದ ಉಳಿಕೆಯೆಂದು ಕರೆದು ರದ್ದುಪಡಿಸಲು ಶಿಫಾರಸು ಮಾಡಿತ್ತು. ನೌಕಾಸೇನೆಯಲ್ಲಿಯೂ ವಾಯುಸೇನೆಯಲ್ಲಿಯೂ ಸಹಾಯಕ್ ಪದ್ಧತಿ ಇಲ್ಲ, ಮತ್ತು ಅದಿಲ್ಲದೆ ಅಲ್ಲಿಯ ಶಿಸ್ತೇನೂ ಕುಸಿದಿಲ್ಲ. ಭೂಸೇನೆ ಪದ್ಧತಿಯನ್ನು ಉಳಿಸಿಕೊಂಡಿದೆಯಾದರೂ, ಸಹಾಯಕರನ್ನು ಮನೆಗೆಲಸಕ್ಕೆ ಹಚ್ಚಬಾರದೆಂಬ ಆದೇಶಗಳಿವೆ. ಅಂದರೆ ನಿಮ್ಮ ಮಗನಿಂದ ನಾಯಿಯನ್ನು ತಿರುಗಾಡಿಸಿಕೊಳ್ಳುವವರು ಸೇನೆಯ ಸಂಪ್ರದಾಯವನ್ನು ಪಾಲಿಸುತ್ತಿಲ್ಲ, ಸೇನೆಯ ಆದೇಶವನ್ನು ಮೀರುತ್ತಿದ್ದಾರೆ.

ಈ ಅಂತರದ ಬೇರು ಎಲ್ಲಿದೆಯೆಂಬುದನ್ನೂ ತಿಳಿಯಬೇಕು. ಬ್ರಿಟಿಷರ ಭಾರತೀಯ ಸೇನೆಯಲ್ಲಿ ಬಹುಕಾಲ ಅಧಿಕಾರಿ ಎಂದರೆ ಬಿಳಿಯ, ಸಿಪಾಯಿ ಎಂದರೆ ನಮ್ಮವನು. ನಡುವೆ ವೈಸ್‌ರಾಯ್ಸ್ ಕಮಿಷನ್ಡ್ ಆಫೀಸರ್ ಎಂಬ ಒಂದು ಮೆಟ್ಟಿಲಿತ್ತು. ಇಂದಿನ ಸುಬೇದಾರರ ಮೂಲ ಅದು. ಇಪ್ಪತ್ತೈದು ವರ್ಷ ಸೇವೆ ಮಾಡಿದ ಸುಬೇದಾರನೂ ನಿನ್ನೆ ಮೊನ್ನೆ ಹಡಗಿಳಿದ ಬಿಳಿಯ ತರುಣನಿಗಿಂತ ಕೆಳಗೆ; ಬ್ರಿಟಿಷ್ ಸಿಪಾಯಿಗಳ ಮೇಲೆ ಅವನ ಆಜ್ಞೆ ನಡೆಯುತ್ತಿರಲಿಲ್ಲ. ಜನಾಂಗಗಳನ್ನು ದೂರವಿಡಲು ಕಟ್ಟಿದ ಆ ಗೋಡೆಯನ್ನೇ ಸ್ವಾತಂತ್ರ್ಯಾನಂತರ ನಾವು ದರ್ಜೆಯ ಗೋಡೆಯೆಂದು ತಿಳಿದು ಸುಣ್ಣ ಬಳಿದುಕೊಂಡೆವು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಗೋಡೆಯ ಕಹಿ ಸ್ವಾತಂತ್ರ್ಯಕ್ಕೆ ಮೊದಲೇ ಒಮ್ಮೆ ಉಕ್ಕಿತ್ತು. ಮುಂಬಯಿಯ ಕೊಲಾಬಾದಲ್ಲಿ, ‘ತಲ್ವಾರ್’ ಎಂಬ ನೌಕಾಸೇನೆಯ ತರಬೇತಿ ಠಾಣೆಯಲ್ಲಿ, 1946ರ ಫೆಬ್ರುವರಿ 18ರಂದು ನಮ್ಮ ನಾವಿಕರು ಕೆಟ್ಟ ಊಟವನ್ನೂ ಕಮಾಂಡಿಂಗ್ ಅಧಿಕಾರಿಯ ಬೈಗುಳವನ್ನೂ ಸಹಿಸಲಾಗದೆ ಊಟ ಬಿಟ್ಟು ಮುಷ್ಕರ ಹೂಡಿದರು. ಅದು ಕೆಲವೇ ದಿನಗಳಲ್ಲಿ 78 ಹಡಗುಗಳಿಗೆ, ಸುಮಾರು 20,000 ನಾವಿಕರಿಗೆ ಹಬ್ಬಿತು. ದೇಶಾಭಿಮಾನದ ದೊಡ್ಡ ಅಲೆ ಅದರ ಹಿಂದೆ ಇದ್ದದ್ದು ನಿಜ. ಕಿಡಿ ಹೊತ್ತಿದ್ದು ಮಾತ್ರ ತಟ್ಟೆಯಲ್ಲಿ ಮತ್ತು ನಾಲಿಗೆಯಲ್ಲಿ.

ಹಾಗೆಂದು ಎಲ್ಲ ಭೇದವೂ ಅನ್ಯಾಯವೆಂದು ನಾನು ಹೇಳಲಾರೆ. ಸಾಯುವ ಅಪಾಯವಿರುವ ಕಡೆಗೆ ‘ಮುಂದೆ ನಡೆ’ ಎಂದು ಹೇಳುವವನಿಗೂ ಕೇಳುವವನಿಗೂ ನಡುವೆ ಒಂದಿಷ್ಟು ದೂರ ಬೇಕು; ಬೇರೆ ಮೆಸ್ ಇರುವುದಕ್ಕೆ, ಸಲಾಮಿಗೆ, ‘ಸಾಹೇಬ್’ ಎಂಬ ಸಂಬೋಧನೆಗೆ ಆ ಮಟ್ಟಿಗೆ ಅರ್ಥವಿದೆ. ಸಲಾಮು ಸಲ್ಲುವುದು ಆ ಮನುಷ್ಯನಿಗಲ್ಲ, ರಾಷ್ಟ್ರಪತಿಯವರು ಅವನಿಗೆ ಕೊಟ್ಟ ಕಮಿಷನ್ನಿಗೆ, ಅಂದರೆ ಅಧಿಕಾರಪತ್ರಕ್ಕೆ. ಆದ್ದರಿಂದಲೇ ಅದು ಅವನ ಹೆಂಡತಿಗೂ ಮಕ್ಕಳಿಗೂ ಸಲ್ಲುವುದಿಲ್ಲ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ, ವಾಯುಸೇನೆಯ ಪೈಲಟ್, 1965ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಯಾದಾಗ, ತಂದೆಯ ಹಳೆಯ ಪರಿಚಯದ ಮೇಲೆ ಅಲ್ಲಿಯ ಅಧ್ಯಕ್ಷ ಅಯೂಬ್ ಖಾನರು ತೋರಿಸಲು ಬಂದ ವಿಶೇಷ ಔದಾರ್ಯವನ್ನು ಕಾರ್ಯಪ್ಪನವರು ಒಪ್ಪಲಿಲ್ಲ. ಉಳಿದ ಯುದ್ಧಕೈದಿಗಳಂತೆಯೇ ಅವನನ್ನೂ ನೋಡಿಕೊಳ್ಳಿ ಎಂದರು. ತನ್ನ ಪದವಿ ತನ್ನ ಮಗನವರೆಗೆ ಹರಿಯಬಾರದೆಂದು ಅವರಿಗೆ ಅಂಥ ಸಂಕಟದಲ್ಲಿಯೂ ತಿಳಿದಿತ್ತು. ಮಕ್ಕಳ ಶಾಲೆಯ ಚೀಲವನ್ನು ಸಿಪಾಯಿಯ ಹೆಗಲಿಗೆ ಹಾಕುವ ನಮ್ಮಂಥವರಿಗೆ ಸುಖದ ದಿನಗಳಲ್ಲಿಯೂ ಅದು ತಿಳಿಯುವುದಿಲ್ಲ.

ಇನ್ನು ನಿಮ್ಮ ಮಗ ಮಾಡಬಹುದಾದದ್ದು. ತಿಂಗಳ ಸೈನಿಕ ಸಮ್ಮೇಳನದಲ್ಲಿ ಎಲ್ಲರೆದುರು ಎದ್ದುನಿಂತು ಹೇಳಬೇಕಾಗಿಲ್ಲ. ತನ್ನ ಸುಬೇದಾರ್ ಸಾಹೇಬರ ಬಳಿ, ತಾನು ತರಬೇತಿಯಿಂದಲೂ ಬಡ್ತಿಗೆ ಬೇಕಾದ ಪ್ರಮೋಷನ್ ಕೇಡರ್ ತರಗತಿಯಿಂದಲೂ ಹಿಂದುಳಿಯುತ್ತಿದ್ದೇನೆ, ಕಂಪನಿಯ ಕೆಲಸಕ್ಕೆ ಮರಳಬೇಕು ಎಂದು ಕೇಳಿಕೊಳ್ಳಲಿ; ನಿಜವಾದ ನಷ್ಟವೂ ಅದೇ ಆದ್ದರಿಂದ ಅದರಲ್ಲಿ ಸುಳ್ಳಿಲ್ಲ. ಬಹುಪಾಲು ಪಲ್ಟನ್ನುಗಳಲ್ಲಿ ಅಷ್ಟರಿಂದಲೇ ಕೆಲಸವಾಗುತ್ತದೆ. ಆಗದಿದ್ದರೆ 1950ರ ಸೇನಾ ಕಾಯಿದೆಯ 26ನೆಯ ಕಲಮಿನಂತೆ ಕಂಪನಿ ಕಮಾಂಡರರಿಗೆ ದೂರು ಕೊಡಬಹುದು. ದೂರು ಅವರ ಮೇಲೆಯೇ ಇದ್ದರೆ ಅವರ ಮೇಲಧಿಕಾರಿಗೆ ಕೊಡಬಹುದು, ಮತ್ತು ದೂರು ಪಡೆದವರು ಪೂರ್ಣ ವಿಚಾರಣೆ ನಡೆಸಲೇಬೇಕು. ಮೊಬೈಲಿನಲ್ಲಿ ವಿಡಿಯೋ ಮಾಡಿ ಹರಿಬಿಡುವ ದಾರಿಗೆ ಮಾತ್ರ ಅವನು ಹೋಗದಿರಲಿ. ಆಗ ಅನ್ಯಾಯದ ಪ್ರಶ್ನೆ ಹಿಂದೆ ಸರಿದು ಅವನ ಶಿಸ್ತಿನ ಪ್ರಶ್ನೆ ಮುಂದೆ ಬರುತ್ತದೆ.

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್. ಈಚೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಡಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆಗೆ ಸೇರಿದಾಗ ನನಗೆ ಸಿಕ್ಕಿದ್ದು ಜನರಲ್ ವಾರ್ಡು. ಅದೇ ಕಾಯಿಲೆಗೆ ಬಂದಿದ್ದ ನಿವೃತ್ತ ಮೇಜರ್ ಒಬ್ಬರಿಗೆ ಪ್ರತ್ಯೇಕ ಕೋಣೆ. ಹೃದಯಕ್ಕೂ ದರ್ಜೆಯಿದೆಯೇ? — ಓದುಗ, ಡೊಂಬಿವಲಿ

ಉತ್ತರ: ನೀವು ಹೇಳುವ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ, ಅಂದರೆ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್.ನಲ್ಲಿ, ಹವಾಲ್ದಾರರವರೆಗೆ ಜನರಲ್ ವಾರ್ಡು, ಸುಬೇದಾರ್ ವರ್ಗಕ್ಕೆ ಸೆಮಿ ಪ್ರೈವೇಟ್, ಅಧಿಕಾರಿಗಳಿಗೆ ಪ್ರೈವೇಟ್ ಎಂದು ನಿಗದಿಯಾಗಿದೆ. ನಿವೃತ್ತಿಯ ಹೊತ್ತಿಗೆ ಕಟ್ಟುವ ವಂತಿಗೆಯೂ ಅದೇ ಕ್ರಮದಲ್ಲಿ 30,000, 67,000 ಮತ್ತು 1,20,000 ರೂಪಾಯಿ. ಹೆಚ್ಚು ಕಟ್ಟಿದವನಿಗೆ ದೊಡ್ಡ ಕೋಣೆ ಎಂಬ ಸಮರ್ಥನೆ ಕಾಗದದ ಮೇಲೆ ನಿಲ್ಲುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ಅದು ನಿಲ್ಲುವುದಿಲ್ಲ.

ಯುದ್ಧದ ನಿಯಮವೇ ನಿಮ್ಮ ಪರವಾಗಿದೆ. ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕೆಂದು 1949ರ ಮೊದಲನೆಯ ಜಿನೀವಾ ಒಪ್ಪಂದ ಹೇಳುತ್ತದೆ. ಅಲ್ಲಿ ಶತ್ರುವಿನ ಸಿಪಾಯಿಗೂ ಸರದಿ ತಪ್ಪುವುದಿಲ್ಲ. ನಮ್ಮ ಸರ್ಕಾರವೂ ಕೆಲವೆಡೆ ಇದನ್ನು ಒಪ್ಪಿದೆ. ಕರ್ತವ್ಯದಲ್ಲಿ ಮಡಿದವರ ಕುಟುಂಬಕ್ಕೆ ಕೇಂದ್ರ ಕೊಡುವ ಅನುಗ್ರಹಧನ, ಏಳನೆಯ ವೇತನ ಆಯೋಗದ ನಂತರ ಸಾವಿನ ಸಂದರ್ಭಕ್ಕೆ ತಕ್ಕಂತೆ 25 ಲಕ್ಷದಿಂದ 45 ಲಕ್ಷದವರೆಗೆ ಇದ್ದು, ಅದರಲ್ಲಿ ಸಿಪಾಯಿ, ಕರ್ನಲ್ ಎಂಬ ಭೇದವಿಲ್ಲ. ಆದರೆ ಅದೇ ಆಯೋಗದ ನಂತರ ಮಿಲಿಟರಿ ಸರ್ವಿಸ್ ಪೇ ಅಧಿಕಾರಿಗೆ ತಿಂಗಳಿಗೆ 15,500 ರೂಪಾಯಿ, ಸುಬೇದಾರನಿಗೂ ಸಿಪಾಯಿಗೂ 5,200 ರೂಪಾಯಿ. ಮೂಲವೇತನ ಹೊಣೆಗೆ ತಕ್ಕಂತೆ ಹೆಚ್ಚು ಕಡಿಮೆ ಇರಲಿ, ತಕರಾರಿಲ್ಲ. ಆದರೆ ಈ ಸರ್ವಿಸ್ ಪೇ ಸೈನಿಕ ಜೀವನದ ಕಷ್ಟಕ್ಕೆಂದು ಕೊಡುವ ಹಣ. ಸಿಯಾಚಿನ್ನಿನ ಚಳಿ ಭುಜದ ಮೇಲಿನ ನಕ್ಷತ್ರ ನೋಡಿ ಕಚ್ಚುವುದಿಲ್ಲ.

ಪುಣೆಗೆ ಬಂದಾಗ ಖಡಕಿಯ ಯುದ್ಧ ಸ್ಮಶಾನವನ್ನು ಒಮ್ಮೆ ನೋಡಿ. ಎರಡನೆಯ ಮಹಾಯುದ್ಧದ 1,668 ಯೋಧರು ಅಲ್ಲಿ ಮಲಗಿದ್ದಾರೆ. ಹೆಸರಿನ ಜೊತೆ ಹುದ್ದೆಯನ್ನೂ ಕೆತ್ತಿದ್ದಾರೆ, ಆದರೆ ಹುದ್ದೆ ದೊಡ್ಡದೆಂದು ಕಲ್ಲು ದೊಡ್ಡದಾಗಿಲ್ಲ. ಸತ್ತವರಿಗೆ ಪಾಲಿಸಿದ ಈ ನಿಯಮವನ್ನು ಹಾಸಿಗೆ ಹಿಡಿದವರಿಗೂ ಪಾಲಿಸಬೇಕೆಂಬುದೇ ನಿಮ್ಮ ಬೇಡಿಕೆ. ಮಾಜಿ ಸೈನಿಕರ ಸಂಘಗಳ ಮೂಲಕ ಅದನ್ನು ಬರವಣಿಗೆಯಲ್ಲಿ ಮುಂದಿಡಿ. ಅಧಿಕಾರಿಯಾಗಿದ್ದ ನಾನೂ ಅದಕ್ಕೆ ಸಹಿ ಹಾಕುತ್ತೇನೆ.

ಪ್ರಶ್ನೆ: ನನ್ನ ತಮ್ಮ ಸೇನೆಗೆ ಸಿಪಾಯಿಯಾಗಿ ಸೇರಿ ಮೂರು ವರ್ಷವಾಯಿತು. ಅವನು ಅಧಿಕಾರಿಯಾಗಲು ದಾರಿಯಿದೆಯೇ, ಅಥವಾ ಸೇರಿದ ಬಾಗಿಲೇ ಕೊನೆಯೇ? — ಓದುಗಳು, ವಾಸ್ಕೊ, ಗೋವಾ

ಉತ್ತರ: ದಾರಿಯಿದೆ. ಆರ್ಮಿ ಕೆಡೆಟ್ ಕಾಲೇಜು ಇರುವುದೇ ಅದಕ್ಕಾಗಿ. 1977ರಲ್ಲಿ ದೆಹರಾದೂನಿಗೆ ಹೋಗುವ ಮುನ್ನ ಅದು ನಮ್ಮ ಪುಣೆಯಲ್ಲಿಯೇ ಇತ್ತು. ಕನಿಷ್ಠ ಎರಡು ವರ್ಷ ಸೇವೆ ಮಾಡಿದ, 20ರಿಂದ 27 ವರ್ಷದೊಳಗಿನ ಸಿಪಾಯಿಗಳು ಪರೀಕ್ಷೆ ಬರೆದು, ಸಂದರ್ಶನದಲ್ಲಿ ಗೆದ್ದರೆ ಅಲ್ಲಿ ಮೂರು ವರ್ಷ ಓದಿ ಪದವಿ ಪಡೆದು, ನಂತರ ಒಂದು ವರ್ಷ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಅಧಿಕಾರಿಗಳಾಗುತ್ತಾರೆ.

ನಿಮಗೆ ಹತ್ತಿರದ ಊರಿನ ಉದಾಹರಣೆಯೇ ಇದೆ. ಕಾರವಾರದ ಚೆಂಡಿಯಾದ ರಾಮ ರಾಘೋಬ ರಾಣೆಯವರು 1940ರಲ್ಲಿ ಬಾಂಬೆ ಇಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿ, 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ನಾಲ್ಕೇ ತಿಂಗಳಲ್ಲಿ, 1948ರ ಏಪ್ರಿಲಿನಲ್ಲಿ, ರಜೌರಿಯ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ಗಾಯಗೊಂಡೂ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟದ್ದಕ್ಕೆ ಪರಮವೀರ ಚಕ್ರ ಪಡೆದರು. ಆ ಪದಕಕ್ಕೂ ದರ್ಜೆಯ ಭೇದವಿಲ್ಲ. ಸಿಪಾಯಿಯಾಗಿದ್ದಾಗಲೇ ಆ ಕೆಲಸ ಮಾಡಿದ್ದರೂ ಅವರಿಗೆ ಸಲ್ಲುತ್ತಿದ್ದದ್ದು ಅದೇ ಪದಕ.

ನಿಮ್ಮ ತಮ್ಮ ಪಲ್ಟನ್ನಿನ ಕಚೇರಿಯಲ್ಲಿ ಮುಂದಿನ ಪರೀಕ್ಷೆಯ ದಿನಾಂಕವನ್ನು ಈಗಲೇ ವಿಚಾರಿಸಲಿ. ಹೆಚ್ಚಿನ ಹುಡುಗರು ಎಡವುವುದು ಇಂಗ್ಲಿಷ್ ಪತ್ರಿಕೆಯಲ್ಲಿ. ಮುಂದಿನ ರಜೆಗೆ ಅವನು ಮನೆಗೆ ಬಂದಾಗ ಅದನ್ನು ಜೊತೆಗೆ ಕುಳಿತು ಓದಿಸಿ.