ಮನೆಯ ಫೈಲ್ ಸರ್ವರ್‌ನಲ್ಲಿ ಫೋಲ್ಡರ್ ತೆರೆಯಲು ಯಾಕೆ ಇಷ್ಟು ಹೊತ್ತು?

ಮೈಸೂರಿನ ಮನೆಯಲ್ಲಿ ಹಳೇ ಕಂಪ್ಯೂಟರ್‌ಗೆ ಲಿನಕ್ಸ್, ಜೊತೆಗೆ ಅದರ ಫೈಲುಗಳನ್ನು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹಂಚುವ ಸಾಂಬಾ ತಂತ್ರಾಂಶ ಹಾಕಿ ಫೈಲ್ ಸರ್ವರ್ ಮಾಡಿಕೊಂಡಿದ್ದೀರಿ. ದಸರಾ ಫೋಟೊಗಳ ಫೋಲ್ಡರ್ ವಿಂಡೋಸ್‌ನಲ್ಲಿ ತೆರೆಯಲು ನಿಮಿಷಗಟ್ಟಲೆ ಕಾಯಬೇಕು ಅಂತೀರಿ, ಅಲ್ವಾ?

ಮೊದಲು ಸರ್ವರ್‌ನಿಂದ ಒಂದು ದೊಡ್ಡ ವಿಡಿಯೊ ಕಾಪಿ ಮಾಡಿ ನೋಡಿ. ಅದೂ ನಿಧಾನವಾದರೆ ವೈಫೈ ಅಥವಾ ಕೇಬಲ್ ತಕರಾರು. ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ವೇಗಕ್ಕೆ ಕೇಬಲ್ಲಿನ 8 ತಂತಿಗಳೂ ಸರಿಯಿರಬೇಕು. ಒಂದು ಕೈಕೊಟ್ಟರೂ 100 ಮೆಗಾಬಿಟ್‌ಗೆ ಇಳಿಯಬಹುದು.

ಕಾಪಿ ಸರಾಗವಾಗಿ ಆಗಿ ಫೋಲ್ಡರ್ ಮಾತ್ರ ತಡವಾದರೆ ಸುಮ್ನೆ ರೂಟರ್ ಬದಲಿಸಬೇಡಿ. ವಿಂಡೋಸ್ ಬರೀ ಹೆಸರುಗಳನ್ನು ಕೇಳಿ ಸುಮ್ಮನಾಗುವುದಿಲ್ಲ. ಫೋಟೊ ಫೋಲ್ಡರ್ ಅಂದರೆ ಒಂದೊಂದೇ ಫೈಲ್ ತೆರೆದು, ತೆಗೆದ ದಿನಾಂಕ, ಪುಟ್ಟ ಚಿತ್ರ ಎಲ್ಲ ಓದುತ್ತದೆ. ಒಂದೊಂದು ತರಕಾರಿಗೂ ದೇವರಾಜ ಮಾರುಕಟ್ಟೆಗೆ ಬೇರೆ ಬೇರೆಯಾಗಿ ಹೋಗಿಬಂದ ಹಾಗೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ‘ಕಸ್ಟಮೈಸ್’ನಲ್ಲಿ ‘ಜನರಲ್ ಐಟಮ್ಸ್’ ಆರಿಸಿ. ವ್ಯೂ ಅನ್ನು ‘ಡೀಟೇಲ್ಸ್’ಗೆ ಬದಲಿಸಿ. ನನ್ನ ಪ್ರಕಾರ ಬಹುಪಾಲು ಇಷ್ಟಕ್ಕೇ ಸರಿಹೋಗುತ್ತದೆ. ಒಂದೇ ಕಡೆ ಸಾವಿರಾರು ಫೈಲುಗಳಿದ್ದರೆ ವರ್ಷವಾರು ಒಡೆಯಿರಿ.

ದಿನದ ಮೊದಲ ಸಲ ಮಾತ್ರ ತಡವೇ? ನಿದ್ದೆಗೆ ಹೋದ ಹಾರ್ಡ್‌ಡಿಸ್ಕ್ ಎದ್ದು ತಿರುಗಲು ಕೆಲವು ಸೆಕೆಂಡ್ ಬೇಕು, ಅಷ್ಟೇ.

ಸಾಂಬಾ ಸೆಟ್ಟಿಂಗ್ ಕೆದಕುವುದು ಕೊನೆಗಿರಲಿ. ನೆಟ್‌ವರ್ಕ್ ಸಂಪರ್ಕವನ್ನು ಹೊಂದಿಸುವ, ನೆಟ್‌ನಲ್ಲಿ ಸಿಗುವ ಹಳೇ ‘ಸಾಕೆಟ್ ಆಪ್ಷನ್ಸ್’ ಸಾಲುಗಳನ್ನಂತೂ ಅಂಟಿಸಬೇಡಿ. ಈಗಿನ ಲಿನಕ್ಸ್‌ನಲ್ಲಿ ಅವು ವೇಗವನ್ನು ಇನ್ನೂ ಕೆಡಿಸಬಹುದು.