ಡಿಗ್ರಿಯಲ್ಲಿ ಭೂಗೋಳ ಓದಿದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೆ ದಾರಿ ಇದೆಯೇ?

ಖಂಡಿತ ಇದೆ. ಈಗ ಬೇಡಿಕೆ ಇರುವುದು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮತ್ತು ಸ್ಥಳದ ಮಾಹಿತಿಯನ್ನು ಜೋಡಿಸುವ ತಂತ್ರ ಗೊತ್ತಿರುವವರಿಗೆ. ದಿಶಾಂಕ್ ಆಪ್ ತೆರೆದು ಹೊಲದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ, ಅಲ್ವಾ? ಹಳೆಯ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ಹಾಕಿ, ಗೆರೆಗಳನ್ನು ಅಕ್ಷಾಂಶ-ರೇಖಾಂಶಕ್ಕೆ ಕೂರಿಸಿದರೆ ಮಾತ್ರ ಅದು ಸಾಧ್ಯ. ಅದನ್ನು ಮಾಡಿದ್ದು ನಮ್ಮ ರಾಜ್ಯದ ದೂರ ಸಂವೇದಿ (ರಿಮೋಟ್ ಸೆನ್ಸಿಂಗ್) ಕೇಂದ್ರ. ನೀರಾವರಿ, ನಗರ ಯೋಜನೆ, ಬೆಳೆ ವಿಮೆಯಲ್ಲೂ ಇಂಥ ಕೆಲಸ ಉಂಟು.

ಸುಮ್ನೆ ನೋಟ್ಸ್ ಉರು ಹೊಡೆದರೆ ಮಾತ್ರ ಕಷ್ಟ. ಓದುವಾಗಲೇ ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡುವ ಸಾಫ್ಟ್‌ವೇರ್ ಕಲಿಯಿರಿ, ಅದು ಉಚಿತ. ನಿಮ್ಮ ತಾಲ್ಲೂಕಿನ ಕೆರೆಗಳ ನಕ್ಷೆ ನೀವೇ ಮಾಡಿ. ನನ್ನ ಪ್ರಕಾರ ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಅದಕ್ಕೇ ಬೆಲೆ ಜಾಸ್ತಿ.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಭೂಗೋಳವನ್ನೇ ಐಚ್ಛಿಕವಾಗಿ ತಗೊಳ್ಳಬಹುದು, 500 ಅಂಕ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಸ್ನಾತಕೋತ್ತರ ಪದವಿ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಿರಿ.