ಮರದ ಪರಿಮಳ ಹೆಂಗಸರಿಗೆ ಹೊಂದುವುದಿಲ್ಲವೇ?

ಪ್ರಶ್ನೆ: ನನಗೆ 36 ವರ್ಷ. ಧಾರವಾಡದಲ್ಲಿ ಬ್ಯಾಂಕ್ ಕೆಲಸ. ಕಾಲೇಜು ದಿನಗಳಿಂದ ಮಲ್ಲಿಗೆ, ಗುಲಾಬಿಯಂಥ ಹೂವಿನ ಸೆಂಟುಗಳನ್ನೇ ಹಚ್ಚುತ್ತಿದ್ದೆ. ಈಚೆಗೆ ಗೆಳತಿಯೊಬ್ಬಳು ಹಚ್ಚಿದ್ದ ದೇವದಾರು, ಲಾವಂಚದ ಗಾಢ ವಾಸನೆಯ ಪರ್ಫ್ಯೂಮ್ ತುಂಬಾ ಹಿಡಿಸಿ, ನಾನೂ ಕೊಂಡೆ. ಮನೆಯಲ್ಲಿ ಮಾತ್ರ "ಇದೇನು, ಗಂಡಸರ ಸೆಂಟ್ ಹಾಕ್ಕೊಂಡಿದ್ದೀಯಾ?" ಅಂತಾರೆ. ಇದು ಹೆಂಗಸರಿಗೆ ಹೊಂದುವುದಿಲ್ಲವೇ? ನನಗೇಕೆ ಇದು ಇಷ್ಟೊಂದು ಹಿಡಿಸುತ್ತಿದೆ? ಆಫೀಸಿಗೆ ಹಚ್ಚಬಹುದೇ?

ಉತ್ತರ: ಖಂಡಿತ ಹೊಂದುತ್ತದೆ. ಹೂವು ಹೆಂಗಸರಿಗೆ, ಮರ ಗಂಡಸರಿಗೆ ಎಂಬ ಪಾಲು ಅಂಗಡಿಯ ಕಪಾಟಿನಲ್ಲಿ ಆಗಿದ್ದು. ಮೂಗಿಗೆ ಅದು ಗೊತ್ತಿಲ್ಲ. ನಮ್ಮ ಮನೆಗಳನ್ನೇ ನೋಡಿ. ಮದುವೆಮನೆಗೆ ಬಂದ ಹೆಂಗಸರ ಕೈಗೆ ಗಂಧ ಹಚ್ಚುತ್ತೇವೆ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಲಾವಂಚದ ಬೇರು ಇಡುತ್ತೇವೆ. ಅದನ್ನು ಗಂಡಸರ ವಾಸನೆ ಅಂತ ಯಾರೂ ಅಂದಿಲ್ಲ, ಅಲ್ವಾ? ಅದೇ ಗಂಧ, ಅದೇ ಲಾವಂಚ ಗಾಜಿನ ಬಾಟಲಿಗೆ ಬಂದ ಕೂಡಲೇ ಯಾಕೆ ಬೇರೆಯಾಗಬೇಕು?

ಪ್ಯಾರಿಸ್‌ನ ಪರ್ಫ್ಯೂಮ್ ಚರಿತ್ರೆಯೂ ನಿಮ್ಮ ಪರವಾಗಿಯೇ ಇದೆ. ಶನೆಲ್ ಕಂಪನಿ 1926ರಲ್ಲಿ 'ಬ್ವಾ ದೆ ಈಲ್' ಎಂಬ ಪರಿಮಳವನ್ನು ಹೊರತಂದಿತು. ತಯಾರಿಸಿದವರು ಅರ್ನೆಸ್ಟ್ ಬೋ. ಹೆಸರಾಂತ 'ನಂಬರ್ 5' ಅನ್ನೂ ಅವರೇ ಮಾಡಿದ್ದು. 'ಬ್ವಾ ದೆ ಈಲ್'ನ ಜೀವಾಳ ಶ್ರೀಗಂಧ, ಮತ್ತು ಅದು ಹೆಂಗಸರಿಗೆಂದೇ ಮಾಡಿದ ಪರಿಮಳ. 1989ರಲ್ಲಿ ಗೆರ್ಲಾನ್ ಕಂಪನಿಯ 'ಸಂಸಾರ' ಬಂತು. ಅದರಲ್ಲಿ ಶ್ರೀಗಂಧ ಮತ್ತು ಮಲ್ಲಿಗೆ ಸರಿಸಮ ನಿಂತಿವೆ.

ನೀವು ಮೆಚ್ಚಿದ ಬಗೆಗೆ ಇನ್ನೂ ಹತ್ತಿರದ್ದು 1992ರ 'ಫೆಮಿನಿಟೆ ದು ಬ್ವಾ'. ಜಪಾನಿನ ಶಿಸೈಡೊ ಕಂಪನಿಗಾಗಿ ಸೆರ್ಜ್ ಲುಟೆನ್ಸ್ ಕಲ್ಪಿಸಿದ್ದು. ಪಿಯರ್ ಬೂರ್ದೊನ್ ಮತ್ತು ಕ್ರಿಸ್ಟೋಫರ್ ಶೆಲ್ಡ್ರೇಕ್ ಅದನ್ನು ಕಟ್ಟಿದವರು. ಅಲ್ಲಿಯವರೆಗೆ ಹೆಂಗಸರ ಪರ್ಫ್ಯೂಮ್‌ನಲ್ಲಿ ದೇವದಾರು ಹೆಚ್ಚಾಗಿ ಹಿಂದೆ ನಿಂತು ಹೂವಿಗೆ ಆಸರೆ ಕೊಡುತ್ತಿತ್ತು. ಇಲ್ಲಿ ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳ ದೇವದಾರುವನ್ನೇ ಮುಂದೆ ತಂದು ನಿಲ್ಲಿಸಿದರು. ಪ್ಲಮ್ ಹಣ್ಣು, ಮಸಾಲೆ, ಹೂವು ಎಲ್ಲ ಅದರ ಸುತ್ತ ಬಂದವು. ಆಮೇಲೆ ಬಂದ ಎಷ್ಟೋ ಪರಿಮಳಗಳಿಗೆ ಅದು ದಾರಿ ತೋರಿಸಿತು. ನನ್ನ ಮಟ್ಟಿಗೆ, ಹೆಂಗಸರ ಪರಿಮಳ ಹೇಗಿರಬೇಕು ಎಂಬ ಲೆಕ್ಕಾಚಾರವನ್ನೇ ತಿರುಗಿಸಿ ಹಾಕಿದ ಬಾಟಲಿ ಅದು.

ಇನ್ನು, ಯಾಕೆ ಹಿಡಿಸುತ್ತದೆ ಅಂತ ಕೇಳಿದಿರಿ. ಒಂದು ಕಾರಣ ಬಾಳಿಕೆ. ನಿಂಬೆ, ಕಿತ್ತಳೆಯ ಪರಿಮಳದ ಕಣಗಳು ಹಗುರ, ಸ್ವಲ್ಪ ಹೊತ್ತಿನಲ್ಲೇ ಹಾರಿಹೋಗುತ್ತವೆ. ಹೂವಿನವು ಒಂದಷ್ಟು ಗಂಟೆ ನಿಲ್ಲುತ್ತವೆ. ಮರದ ಕಣಗಳು ಭಾರವಾದವು, ನಿಧಾನಕ್ಕೆ ಆವಿಯಾಗುತ್ತವೆ. ಬೆಳಗ್ಗೆ ಹಚ್ಚಿದ್ದು ಸಂಜೆ ಮನೆಗೆ ಬಂದಾಗಲೂ ಮೈಮೇಲೆ ಇರುತ್ತದೆ. ಆ ಹೊತ್ತಿಗೆ ಅದು ಚರ್ಮದ ವಾಸನೆಯೊಂದಿಗೆ ಬೆರೆತು ನಿಮ್ಮದೇ ಆಗಿರುತ್ತದೆ.

ಇನ್ನೊಂದು ಕಾರಣ, ಸಿಹಿ ಕಡಿಮೆ. ಈಗಿನ ಹೆಂಗಸರ ಪರ್ಫ್ಯೂಮ್‌ಗಳಲ್ಲಿ ವೆನಿಲಾ, ಕ್ಯಾರಮೆಲ್, ಹಣ್ಣು ಅಂತ ಸಿಹಿ ತುಂಬಿ ತುಳುಕುತ್ತಿದೆ. ಅದು ಸಾಕಾದವರಿಗೆ ಮರದ ಒಣ ವಾಸನೆ ದೊಡ್ಡ ಸಮಾಧಾನ. ದೇವದಾರು ಆಗತಾನೇ ಹೆರೆದ ಪೆನ್ಸಿಲ್ಲಿನಂತೆ ಚುರುಕು, ಒಣ. ಶ್ರೀಗಂಧಕ್ಕೆ ಹಾಲಿನ ಮೆದು ಇದೆ. ಲಾವಂಚದಲ್ಲಿ ಮಣ್ಣು ಮತ್ತು ಸ್ವಲ್ಪ ಹೊಗೆ. ಪಚೌಲಿಯಲ್ಲಿ ಒದ್ದೆ ಎಲೆಯ ತಂಪು. ಲಾವಂಚ ಹುಲ್ಲಿನ ಬೇರು, ಪಚೌಲಿ ಒಂದು ಗಿಡದ ಎಲೆ. ಮರವಲ್ಲದಿದ್ದರೂ ಪರ್ಫ್ಯೂಮ್ ಮಾಡುವವರು ಎರಡನ್ನೂ ಮರದ ಗುಂಪಿಗೇ ಸೇರಿಸುತ್ತಾರೆ. ಎಲ್ಲಕ್ಕಿಂತ ಜೋರು ಊದ್, ಅಂದರೆ ಅಗರು. ಗಾಯವಾಗಿ ಶಿಲೀಂಧ್ರ ಹೊಕ್ಕಾಗ ಅಗರು ಮರ ತನ್ನ ರಕ್ಷಣೆಗೆ ಕಪ್ಪು ರಾಳ ತುಂಬಿಕೊಳ್ಳುತ್ತದೆ. ಪರಿಮಳ ಇರುವುದು ಆ ರಾಳದಲ್ಲಿ. ದುಬೈ, ಮಸ್ಕತ್‌ನಲ್ಲಿರುವ ನಮ್ಮ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಹೆಂಗಸರೂ ಗಂಡಸರೂ ಊದ್ ಹಚ್ಚುತ್ತಾರೆ, ಬಟ್ಟೆಗೆ ಅದರ ಹೊಗೆ ಹಿಡಿಯುತ್ತಾರೆ.

ಆಫೀಸಿಗೆ ಧಾರಾಳವಾಗಿ ಹಚ್ಚಿ. ಆದರೆ ಒಂದು ಸಲ ಒತ್ತಿದರೆ ಸಾಕು, ಜಾಸ್ತಿ ಅಂದರೆ ಎರಡು. ಹೂವಿನ ಸೆಂಟಿನ ಅಭ್ಯಾಸದಲ್ಲಿ ನಾಲ್ಕೈದು ಸಲ ಒತ್ತಿದರೆ ಎಸಿ ಕೋಣೆಯಲ್ಲಿ ಪಕ್ಕದವರಿಗೆ ತಲೆನೋವು. ಊದ್ ಇದ್ದರೆ ಅದನ್ನು ಸಂಜೆಗೆ, ಮದುವೆ ಸಮಾರಂಭಕ್ಕೆ ಇಟ್ಟುಕೊಳ್ಳಿ. ಮನೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಮೂಗಿಗೂ ಸ್ವಲ್ಪ ದಿನ ಬೇಕು.

ಪ್ರಶ್ನೆ: 'ಶ್ರೀಗಂಧ' ಅಂತ ಬರೆದ ಪರ್ಫ್ಯೂಮ್ ಕೊಂಡಿದ್ದೇನೆ. ನಮ್ಮ ದೇವರ ಕೋಣೆಯಲ್ಲಿ ತೇಯುವ ಗಂಧದ ಹಾಗಿಲ್ಲ. ಮೋಸ ಹೋದೆನೇ? (ಸಾಗರದ ಓದುಗರು)

ಉತ್ತರ: ಮೋಸ ಅನ್ನಲಾಗದು. ಆದರೆ ಅದರಲ್ಲಿ ನಿಜವಾದ ಗಂಧದೆಣ್ಣೆ ಇಲ್ಲದಿರುವ ಸಾಧ್ಯತೆ ಜಾಸ್ತಿ.

ಒಂದು ಕಾಲದಲ್ಲಿ ಮೈಸೂರಿನ ಗಂಧದೆಣ್ಣೆ ಅಂದರೆ ಪ್ಯಾರಿಸ್‌ನವರು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮ್ಮ ಗಂಧದ ಮರ ಮೊದಲು ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಶುರುವಾಗಿ ಸಾಗಣೆ ನಿಂತಿತು. ಮರ ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಎಣ್ಣೆ ತೆಗೆಯುವ ಕಾರ್ಖಾನೆಯನ್ನು ನಮ್ಮಲ್ಲೇ ಕಟ್ಟಿದರು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದಲೇ.

ಎಣ್ಣೆ ಇರುವುದು ಮರದ ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳಿನಲ್ಲಿ, ಮತ್ತು ಬೇರಿನಲ್ಲಿ. ಒಳ್ಳೆಯ ಚೇಗು ಕಟ್ಟಲು ಹತ್ತಾರು ವರ್ಷ ಬೇಕು. ಅಷ್ಟು ಕಾದರೂ ಚೇಗಿನ ತೂಕದಲ್ಲಿ ಎಣ್ಣೆ ಸುಮಾರು 4ರಿಂದ 6 ಶೇಕಡಾ ಮಾತ್ರ. ಕಳ್ಳಸಾಗಣೆ, ಮರಕ್ಕೆ ಬರುವ ಸ್ಪೈಕ್ ರೋಗ, ರೈತರಿಗೆ ಗಂಧ ಬೆಳೆಯಲು ಧೈರ್ಯವೇ ಬಾರದಂಥ ಕಾನೂನು, ಎಲ್ಲ ಸೇರಿ ಮರಗಳು ತೀರಾ ಕಡಿಮೆಯಾದವು. ಸ್ವಂತ ಜಮೀನಿನ ಗಂಧದ ಮರ ರೈತರದೇ ಎಂದು ಕರ್ನಾಟಕದಲ್ಲಿ ಕಾನೂನು ಬದಲಾಗಿದ್ದು 2001ರಲ್ಲಿ. ಅಷ್ಟರಲ್ಲಿ ಆಸ್ಟ್ರೇಲಿಯಾದವರು ನಮ್ಮದೇ ಜಾತಿಯ ಗಂಧದ ತೋಟಗಳನ್ನು ಎಬ್ಬಿಸಿದ್ದರು. ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಇವತ್ತಿನ ಬಹುತೇಕ ಬಾಟಲಿಗಳಲ್ಲಿ ಇರುವುದು ಪ್ರಯೋಗಾಲಯದಲ್ಲಿ ಮಾಡಿದ ಗಂಧದ ವಾಸನೆ. ಜವನಾಲ್, ಎಬನಾಲ್ ಎಂಬ ಹೆಸರಿನ ಪದಾರ್ಥಗಳಿವೆ. ಅವು ಕೆಟ್ಟವಲ್ಲ. ಗಂಧದ ಒಂದೊಂದು ಗುಣವನ್ನು ಚೆನ್ನಾಗಿ ಹಿಡಿಯುತ್ತವೆ, ಮರವನ್ನೂ ಉಳಿಸುತ್ತವೆ. ಆದರೆ ತೇಯ್ದ ಗಂಧದ ಆ ತುಂಬು ಮೆದು ಪೂರ್ತಿ ಸಿಗುವುದಿಲ್ಲ. ನಿಮ್ಮ ಮೂಗು ಹಿಡಿದಿದ್ದು ಅದೇ ವ್ಯತ್ಯಾಸ. ಅಸಲಿ ಬೇಕೆಂದರೆ ನಂಬಿಕೆಯ ಕಡೆಯಿಂದ ಗಂಧದೆಣ್ಣೆಯನ್ನೇ ಸಣ್ಣ ಸೀಸೆಯಲ್ಲಿ ಕೊಳ್ಳಿ. ತೀರಾ ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

ಪ್ರಶ್ನೆ: ಮರದ ಪರ್ಫ್ಯೂಮ್ ಹಚ್ಚಿದ ಅರ್ಧ ಗಂಟೆಗೆ ನನಗೆ ಏನೂ ವಾಸನೆ ಬರುವುದಿಲ್ಲ. ಗೆಳತಿಯರು ಮಾತ್ರ "ಇನ್ನೂ ಬರ್ತಿದೆ" ಅಂತಾರೆ. (ಮಂಗಳೂರಿನ ಓದುಗರು)

ಉತ್ತರ: ಗೆಳತಿಯರ ಮಾತೇ ನಿಜ. ಒಂದೇ ವಾಸನೆ ಸುಮ್ನೆ ಬರುತ್ತಲೇ ಇದ್ದರೆ ಮೆದುಳು ಅದನ್ನು ಗಮನಿಸುವುದನ್ನು ಬಿಡುತ್ತದೆ. ಅದೂ ಅಲ್ಲದೆ, ಈಗಿನ ಮರದ ಪರಿಮಳಗಳಲ್ಲಿ ತುಂಬಾ ಬಳಸುವ 'ಐಸೊ ಇ ಸೂಪರ್' ಎಂಬ ಪದಾರ್ಥ ಕೆಲವರ ಮೂಗಿಗೆ ಗೊತ್ತೇ ಆಗುವುದಿಲ್ಲ, ಇನ್ನು ಕೆಲವರಿಗೆ ಬಂದು ಬಂದು ಹೋಗುತ್ತದೆ. ವಾಸನೆ ಬರುತ್ತಿಲ್ಲ ಎಂದು ಮತ್ತೆ ಮತ್ತೆ ಹಚ್ಚಬೇಡಿ. ಕತ್ತಿನ ಬದಲು ಮೊಣಕೈ ಒಳಭಾಗಕ್ಕೆ ಹಚ್ಚಿ, ಮೂಗಿನಿಂದ ದೂರ ಇರಲಿ. ಆಗ ಕೈ ಆಡಿಸಿದಾಗೊಮ್ಮೆ ನಿಮಗೂ ಗೊತ್ತಾಗುತ್ತದೆ.

ಕೊಳ್ಳುವ ಮುಂಚೆ ಮೈಗೆ ಹಚ್ಚಿ ನೋಡಿ, ಅಂಗಡಿಯ ಕಾಗದದ ಪಟ್ಟಿ ನೆಚ್ಚಬೇಡಿ. ಮರದ ಪರಿಮಳದ ನಿಜ ಬಣ್ಣ ಗೊತ್ತಾಗುವುದು ಎರಡು ಮೂರು ಗಂಟೆಯ ನಂತರ, ಮೇಲಿನ ನಿಂಬೆ, ಮಸಾಲೆ ಎಲ್ಲ ಹಾರಿದ ಮೇಲೆ. ಚರ್ಮ ಕೆಂಪಗಾದರೆ ಅಥವಾ ತುರಿಸಿದರೆ ಆ ಬಾಟಲಿ ನಿಮಗಲ್ಲ. ರೇಷ್ಮೆ ಸೀರೆಯ ಮೇಲೆ, ಮುತ್ತಿನ ಸರದ ಮೇಲೆ ನೇರ ಒತ್ತಬೇಡಿ. ಸೀರೆಗೆ ಕಲೆ ಬೀಳಬಹುದು, ಮುತ್ತಿನ ಹೊಳಪು ಹೋಗಬಹುದು. ಮೊದಲು ಪರ್ಫ್ಯೂಮ್ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಸೀರೆ ಉಡಿ.